ಗೂಬರ್ ಅಂದ್ರೆ ಗೂಬೆ ಅಲ್ಲ

ಕಾರಿನ ಹಿಂದಿನ ಸೀಟಲ್ಲಿ ಮಗ ತಂಗಿಯನ್ನು ‘ಗೂಬರ್’ ಅಂತ ರೇಗಿಸುತ್ತಿದ್ದ. ನನಗೆ ಒಳಗೊಳಗೇ ಖುಷಿ. ಇಡೀ ದಿನ ಇಂಗ್ಲಿಷಲ್ಲೇ ಮಾತಾಡುವ ಹುಡುಗನ ಬಾಯಿಗೆ ನಮ್ಮ ‘ಗೂಬೆ’ಯಾದರೂ ಬಂತಲ್ಲ! ಕೇಳಿದರೆ, "ಅಯ್ಯೋ ಅಮ್ಮ, ಅದು ಕನ್ನಡ ಅಲ್ಲ. ಪೆದ್ದು ಅಂತ ಅರ್ಥ, ಸ್ಕೂಲಲ್ಲಿ ಎಲ್ಲರೂ ಅಂತಾರೆ" ಅಂದ.

ಅಮೆರಿಕದ ಸೌತ್ ಕೆರೊಲೈನಾದ ಚಾರ್ಲ್ಸ್‌ಟನ್‌ಗೆ ಹೊರಟಿದ್ದೆವು. ದಾರಿಬದಿಯಲ್ಲಿ ಕಪ್ಪು ಜನಾಂಗದ ಅಜ್ಜಿಯೊಬ್ಬರು ಹಂಡೆಯಂಥ ಪಾತ್ರೆಯಲ್ಲಿ ಕಡಲೆಕಾಯಿ ಬೇಯಿಸಿ ಮಾರುತ್ತಿದ್ದರು. ಉಪ್ಪುನೀರಿನ ಹಬೆ ಮೂಗಿಗೆ ಬಡಿದದ್ದೇ ತಡ, ಬಸವನಗುಡಿ ಪರಿಷೆ ಕಣ್ಮುಂದೆ ಬಂತು. ಅಜ್ಜಿ ಜಾಲರಿ ಸೌಟಲ್ಲಿ ಎತ್ತಿ, ನೀರು ಸೋರಿಸಿ, ಪೊಟ್ಟಣಕ್ಕೆ ಸುರಿದರು. "ಗೂಬರ್ ಬಿಸಿ ಇದೆ ಮಗಾ, ನಿಧಾನ" ಅಂದರು. ಮಗ ನನ್ನ ಮುಖ ನೋಡಿದ.

ರಾತ್ರಿ ಹೋಟೆಲಲ್ಲಿ ಹುಡುಕಿದೆ. ಗೂಬರ್ ಅಂದ್ರೆ ಮೊದಲು ಕಡಲೆಕಾಯಿಯೇ. ಬೈಗುಳ ಆಮೇಲಿನದು. ಮೂಲ ಪದ ಆಫ್ರಿಕಾದ ಕಾಂಗೋ ಕಡೆಯ ‘ನ್ಗುಬ’. ಸರಪಳಿ ಹಾಕಿ ಹಡಗಲ್ಲಿ ತಂದ ಜನರ ಕೈಯಲ್ಲಿ ಏನೂ ಇರಲಿಲ್ಲ. ಬಾಯಲ್ಲಿ ಇದಿತ್ತು.

ಈ ಕರಾವಳಿಯ ಕಪ್ಪು ಜನರ ನುಡಿಗೆ ‘ಗಲ್ಲಾ’ ಅಂತ ಹೆಸರು (ಅಂಗಡಿಯ ಗಲ್ಲಾ ಅಲ್ಲ!). ಅದು ಬರೀ ಕೆಟ್ಟ ಇಂಗ್ಲಿಷ್ ಅಂತ ಪಂಡಿತರೇ ಬರೆದುಬಿಟ್ಟಿದ್ದರು. ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಜನಾಂಗದ ವಿದ್ವಾಂಸರು 1930ರ ದಶಕದಲ್ಲಿ ಇಲ್ಲಿನ ದ್ವೀಪಗಳಿಗೆ ಹೋಗಿ ಜನರ ಮಾತನ್ನು ರೆಕಾರ್ಡ್ ಮಾಡಿಕೊಂಡರು. ಆಫ್ರಿಕಾ ಮೂಲದ ಸುಮಾರು 4,000 ಪದಗಳನ್ನು ಕಲೆಹಾಕಿ 1949ರಲ್ಲಿ ಪುಸ್ತಕ ತಂದರು. ಅದರಲ್ಲಿ ಜಾಸ್ತಿ ಇದ್ದದ್ದು ಏನು ಗೊತ್ತಾ? ಮನೆಯಲ್ಲಿ ಕರೆಯುವ ಹೆಸರುಗಳು. ಸ್ಕೂಲಿಗೆ, ಹೊರಗಿನವರಿಗೆ ಇಂಗ್ಲಿಷ್ ಹೆಸರು. ಮನೆಯೊಳಗೆ ಆಫ್ರಿಕಾದ್ದು. ಪಕ್ಕದಲ್ಲಿ ಮಲಗಿದ್ದ ಮಗಳನ್ನು ನೋಡಿದೆ. ಅವಳ ಟೀಚರಿಗೆ ಅವಳು ‘ಪುಟ್ಟಿ’ ಅಂತ ಗೊತ್ತೇ ಇಲ್ಲ.

ಎಲ್ಲ ಪದಗಳ ಜಾತಕವೂ ಇಷ್ಟು ಸಲೀಸಲ್ಲ. ‘ಅರ್ಥವಾಯ್ತು’ ಅನ್ನೋಕೆ ಜಾಜ್ ಕಾಲದ ಕಪ್ಪು ಜನ ‘ಡಿಗ್’ ಅನ್ನುತ್ತಿದ್ದರು. ಅದು ಸೆನೆಗಲ್‌ನ ವೊಲೊಫ್ ಭಾಷೆಯಿಂದ ಬಂತು ಅಂತ ಕೆಲವರು ಹೇಳಿದರೆ, ಬರೀ ಸದ್ದಿನ ಹೋಲಿಕೆ ಅಂತ ಇನ್ನು ಕೆಲವರು. ಗೂಬೆಯಿಂದ ಮೋಸ ಹೋದ ನಾನು ಸುಮ್ನೆ ಎರಡನೆಯವರ ಕಡೆ ವಾಲುತ್ತೇನೆ.

ಬೆಳಿಗ್ಗೆ ಮಕ್ಕಳಿಗೆ ಇದನ್ನೆಲ್ಲ ಹೇಳಿದೆ.

"ಹಾಗಾದ್ರೆ ನಾನು ಇವಳನ್ನ ಇಷ್ಟು ದಿನ ಕಡಲೆಕಾಯಿ ಅಂತಿದ್ದೆನಾ?" ಅಂದ ಮಗ.

ಮಗಳು ಉಳಿದಿದ್ದ ಪೊಟ್ಟಣದಿಂದ ತಲೆ ಎತ್ತಲಿಲ್ಲ. "ನಾನು ಕಡಲೆಕಾಯಿ, ನೀನು ಗೂಬೆ" ಅಂದಳು. ಅಚ್ಚ ಕನ್ನಡದಲ್ಲಿ.