ಅತ್ತೆಯ ಮಾತ್ರೆ

ಇವತ್ತು ಮೆಡಿಕಲ್ ಶಾಪಿನಿಂದ ಅತ್ತೆಗೆ ಮಾತ್ರೆ ತಂದೆ. ಇಮಾಟಿನಿಬ್, 400 ಮಿಲಿಗ್ರಾಂ. ದಿನಕ್ಕೆ ಒಂದು, ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು. ರಕ್ತದ ಕ್ಯಾನ್ಸರ್ ಅಂತ ಗೊತ್ತಾದ ದಿನ ಮನೆಯವರೆಲ್ಲ ಕೈಚೆಲ್ಲಿ ಕೂತಿದ್ದೆವು. ಈಗ ಅತ್ತೆ ಬೆಳಗ್ಗೆ ಎದ್ದು ಮಲ್ಲಿಗೆ ಗಿಡಕ್ಕೆ ನೀರು ಹಾಕುತ್ತಾರೆ.

ಬಿಲ್ ನೋಡಿದಾಗೆಲ್ಲ ನನಗೆ 2013ರ ಏಪ್ರಿಲ್ 1ರ ತೀರ್ಪು ನೆನಪಾಗುತ್ತದೆ. ನೊವಾರ್ಟಿಸ್ ಕಂಪನಿ ಇದೇ ಔಷಧಿಯ ಹೊಸ ಹರಳು ರೂಪಕ್ಕೆ ಪೇಟೆಂಟ್, ಅಂದರೆ ಬೇರೆ ಯಾರೂ ಅದನ್ನು ತಯಾರಿಸಿ ಮಾರದಂತೆ ತಡೆಯುವ ಹಕ್ಕು, ಕೇಳಿತ್ತು. ಸುಪ್ರೀಂ ಕೋರ್ಟ್ ಕೊಡಲಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ 3(ಡಿ) ಅಂತ ಒಂದು ಸೆಕ್ಷನ್ ಇದೆ. ಹಳೇ ಔಷಧಿಯ ರೂಪ ಬದಲಾದರೆ ಸಾಲದು, ರೋಗ ವಾಸಿ ಮಾಡುವ ಶಕ್ತಿಯೂ ಜಾಸ್ತಿ ಆಗಿರಬೇಕು ಅನ್ನುತ್ತದೆ ಅದು. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲೆ. ಇಲ್ಲಿನವರು ತಯಾರಿಸಿದ್ದು ಸುಮಾರು ಹತ್ತು ಸಾವಿರಕ್ಕೆ ಸಿಗುತ್ತಿತ್ತು.

ಹೊಸದು ಕಂಡುಹಿಡಿದವರಿಗೆ ದುಡ್ಡು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೇ ಅಲ್ವಾ 20 ವರ್ಷದ ಪೇಟೆಂಟ್ ಕೊಡೋದು? ಆದರೆ ಅದೇ ಮಾತ್ರೆಯನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ಮತ್ತೆ 20 ವರ್ಷ ಹಿಡಿದಿಟ್ಟುಕೊಂಡರೆ ಲಾಭ ಯಾರಿಗೆ? ಈ ಔಷಧಿಯನ್ನು ರೋಗಿಗಳ ಹತ್ತಿರ ತಲುಪಿಸಲು ವರ್ಷಗಟ್ಟಲೆ ದುಡಿದ ಅಮೆರಿಕದ ಡಾಕ್ಟರ್ ಬ್ರಯನ್ ಡ್ರೂಕರ್ ಕೂಡ ಇದರ ಬೆಲೆ ಬಗ್ಗೆ ಬಹಿರಂಗವಾಗಿಯೇ ಬೇಸರ ಹೇಳಿಕೊಂಡಿದ್ದರು.

ಅತ್ತೆ ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ತಾರೀಕು ಬರೆದಿಟ್ಟುಕೊಳ್ಳುತ್ತಾರೆ, ಒಂದು ದಿನವೂ ತಪ್ಪಬಾರದು ಅಂತ. ಇವತ್ತಿನ ಸ್ಟ್ರಿಪ್ಪಿಗೂ ಬರೆದಾಯಿತು.