ಬಿಸಿಲಿನ ಮೇಲೆ ಹಾಕಿದರು

14 ಮೇ 2024, ಮಂಗಳವಾರ
ಕಲಬುರಗಿ

ತಂಗಿಗೆ ಎಷ್ಟು ಮೂತ್ರ ಬಂತು ಅಂತ ಅಳೆದು ಚೀಟಿಯಲ್ಲಿ ಬರೆಯುವುದು ಈಗ ನನ್ನ ಕೆಲಸ. ಬೆಳಿಗ್ಗೆ ತೂಕ, ಆಮೇಲೆ ಹೊಟ್ಟೆಯ ಸುತ್ತಳತೆ. ಟೇಪು ಮಾತ್ರ ನಮ್ಮ ಹೊಲಿಗೆ ಮಷೀನಿನದು.

ತಂಗಿ ಮಗುವಿಗಾಗಿ ಐವಿಎಫ್ ಮಾಡಿಸುತ್ತಿದ್ದಾಳೆ, ಅಂದರೆ ಅಂಡಾಣು ಹೊರಗೆ ತೆಗೆದು, ಭ್ರೂಣ ಮಾಡಿ ಒಳಗಿಡುವ ಚಿಕಿತ್ಸೆ. ಎಗ್ ತೆಗೆದ ದಿನ 20ಕ್ಕಿಂತ ಜಾಸ್ತಿ ಸಿಕ್ಕವು ಅಂತ ಎಲ್ಲರಿಗೂ ಖುಷಿ. ಪಿಸಿಓಡಿ, ಅಂದರೆ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳ ತೊಂದರೆ ಇದ್ದವಳಿಗೆ ಅಷ್ಟೊಂದು ಬಂದರೆ ಹುಷಾರಾಗಿರಬೇಕು ಅಂತ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹೊಟ್ಟೆ ಉಬ್ಬಿತು. ವಾಂತಿ. ಒಂದಕ್ಕೆ ಹೋಗುವುದೂ ಕಮ್ಮಿ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ, "ಬಿಸ್ಲು ಭಾಳ ಅದ್ರಿ, ನೀರು ಕುಡಸ್ರಿ" ಅಂದರು. ಮೇ ತಿಂಗಳ ಕಲಬುರಗಿಯಲ್ಲಿ ಒಂದಕ್ಕೆ ಕಮ್ಮಿ ಆಗದವರು ಯಾರಿದ್ದಾರೆ ಹೇಳಿ? ಅವ್ವ ಮಜ್ಜಿಗೆ ಕುಡಿಸಿದ್ದೇ ಕುಡಿಸಿದ್ದು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಅಂದಾಗ ಈ ಆಸ್ಪತ್ರೆಗೆ ಕರೆತಂದೆವು.

"ಕುಡಿದ ನೀರೆಲ್ಲಾ ಎಲ್ಲಿ ಹೋಗ್ತದ್ರಿ ಮೇಡಂ?" ಅಂತ ಇವತ್ತು ಡಾಕ್ಟರನ್ನು ಕೇಳಿದೆ. ಎಗ್ ತೆಗೆಯುವ ಮೊದಲು ಅವು ಬಲಿಯಲಿ ಅಂತ ಕೊಡುವ ಟ್ರಿಗರ್ ಇಂಜೆಕ್ಷನ್‌ನಲ್ಲಿರುವ ಎಚ್‌ಸಿಜಿ ಅನ್ನುವ ಹಾರ್ಮೋನಿಗೆ ಅಂಡಾಶಯ ವಿಪರೀತ ಕೆರಳಿದರೆ ರಕ್ತನಾಳಗಳು ಸೋರುತ್ತವಂತೆ. ನೀರು ಹೊಟ್ಟೆಯೊಳಗೆ ನಿಲ್ಲುತ್ತದೆ, ಕೆಲವರಿಗೆ ಶ್ವಾಸಕೋಶದ ಸುತ್ತಲೂ. ನಾಳದಲ್ಲಿ ಉಳಿದ ರಕ್ತ ಮಂದವಾಗುತ್ತದೆ. ಅಪರೂಪಕ್ಕೆ ಹೆಪ್ಪುಗಟ್ಟುತ್ತದೆ, ಕಾಲಿನಲ್ಲಷ್ಟೇ ಅಲ್ಲ, ಕುತ್ತಿಗೆ, ತೋಳಿನಲ್ಲೂ. ಅದಕ್ಕೇ ರಕ್ತ ತೆಳು ಮಾಡುವ ಇಂಜೆಕ್ಷನ್. ಇಷ್ಟು ಜೋರಾಗುವುದು 100ಕ್ಕೆ ಒಬ್ಬಿಬ್ಬರಿಗೆ ಅಂದರು. ಆ ಲೆಕ್ಕ ತಗೊಂಡು ನಾನೇನು ಮಾಡಲಿ?

"ಈ ಸಲ ಭ್ರೂಣ ಒಳಗ ಇಡೋದು ಬ್ಯಾಡ, ಫ್ರೀಜ್ ಮಾಡಿಡೂಣು" ಅಂತ ಡಾಕ್ಟರ್ ಅಂದಾಗ ತಂಗಿ ಗೋಡೆ ಕಡೆ ತಿರುಗಿದಳು.

"ಅಕ್ಕಾ, ಇಷ್ಟೆಲ್ಲಾ ಸುಮ್ನ ಆತಲ್ಲ."

ಈಗಲೇ ಗರ್ಭ ನಿಂತರೆ ಮೈಯೇ ಎಚ್‌ಸಿಜಿ ಮಾಡತೊಡಗುತ್ತದೆ, ಈ ಕಾಟ ವಾರಗಟ್ಟಲೆ ಎಳೆಯುತ್ತದೆ ಅಂತ ಸಮಾಧಾನವಾಗಿ ಹೇಳಿದೆ.

"ಎಳೀಲಿ ಬಿಡು. ತಡಕೋತೀನಿ."

ಸಿಟ್ಟು ಬಂತು. ಅವಳ ಮೇಲಲ್ಲ. ಟ್ರಿಗರ್‌ಗೆ ಬೇರೆ ಔಷಧಿಯೂ ಇದೆಯಂತೆ, ಇಂಥವರಿಗೆ ಅದನ್ನು ಕೊಟ್ಟರೆ ಅಪಾಯ ಬಹಳ ಕಮ್ಮಿಯಂತೆ. ಆ ಕ್ಲಿನಿಕ್ಕಿನವರಿಗೆ ಗೊತ್ತಿರಲಿಲ್ವಾ? ಹೋಗಿ ಕೇಳುತ್ತೇನೆ. ಫೈಲು ಬ್ಯಾಗಿನಲ್ಲೇ ಇದೆ.

ಸಂಜೆ ಮೂತ್ರ ಸ್ವಲ್ಪ ಜಾಸ್ತಿ ಬಂತು. ನರ್ಸಮ್ಮ ನಕ್ಕರು. ನಾನು ಹಬ್ಬದಂತೆ ಅವ್ವನಿಗೆ ಫೋನ್ ಮಾಡಿದೆ! ತಂಗಿ ಗಂಡ ವರಾಂಡದ ಬೆಂಚಿನ ಮೇಲೆ ಗೊರಕೆ.

ನಾಳೆ ಅವಳ ಅತ್ತೆ ಆಳಂದದಿಂದ ಬರುತ್ತಾರೆ. ಆ ಹೊಟ್ಟೆ ನೋಡಿ ಮೊದಲು ಏನು ಕೇಳುತ್ತಾರೆ ಅಂತ ನಮಗೆಲ್ಲಾ ಗೊತ್ತು. ಅವರನ್ನು ಬಾಗಿಲಲ್ಲೇ ತಡೆದು ಹೇಳಬೇಕು, ಆದರೆ ಎಲ್ಲಿಂದ ಶುರು ಮಾಡಲಿ, ಅವರಿಗೆ ಇಂಜೆಕ್ಷನ್ ವಿಷಯವೇ