ಕಡಿಮೆ ಕೊಳ್ಳಬೇಕು ಅಂತ ನಾನು ಕೊಂಡ ಸಾಮಾನು

ಜರ್ಮನಿಗೆ ಬಂದ ಎರಡನೇ ವರ್ಷ ನನಗೂ ಆ ಹುಚ್ಚು ಹಿಡಿಯಿತು. ಪ್ಲಾಸ್ಟಿಕ್ ಬೇಡ, ಬೇಕಾದಷ್ಟೇ ತರಬೇಕು, ಯಾರದೋ ಹೊಟ್ಟೆ ಮೇಲೆ ಹೊಡೆದು ಮಾಡಿದ ಮಾಲು ಮನೆಗೆ ಬರಬಾರದು. ಇಲ್ಲಿ ಪ್ಯಾಕೆಟ್ ಇಲ್ಲದ ಅಂಗಡಿ ಅಂತ ಇರುತ್ತವೆ, 'ಉನ್‌ಫರ್‌ಪಾಕ್ಟ್' ಅನ್ನುತ್ತಾರೆ. ಖಾಲಿ ಡಬ್ಬಿ ನಾವೇ ಒಯ್ಯಬೇಕು, ಮೊದಲು ಅದರ ತೂಕ ಮಾಡಿಸಬೇಕು, ಆಮೇಲೆ ಗೋಡೆಗೆ ಕೂಡಿಸಿದ ಉದ್ದನೆಯ ಕೊಳವೆಯ ಹಿಡಿಕೆ ಎಳೆದರೆ ಬೇಳೆ ಜರ್ ಅಂತ ಬೀಳುತ್ತದೆ. ಅಲ್ಲಿಗೆ ಹೋಗೋ ಮುಂಚೆ ನಾನು ಮಾಡಿದ ಮೊದಲ ಕೆಲಸ, ಆರು ಹೊಸ ಗಾಜಿನ ಡಬ್ಬಿ ಕೊಂಡದ್ದು. ಅದೂ ಆನ್‌ಲೈನ್‌ನಲ್ಲಿ. ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಬಂದವು, ಒಂದೊಂದಕ್ಕೂ ಗುಳ್ಳೆ ಪ್ಲಾಸ್ಟಿಕ್ ಸುತ್ತಿತ್ತು.

ಅವ್ವನಿಗೆ ವಿಡಿಯೊ ಕಾಲ್ ಮಾಡಿ ಹೆಮ್ಮೆಯಿಂದ ತೋರಿಸಿದೆ. "ಇದರಾಗ ಹೊಸಾದು ಏನದಪಾ? ನೀ ಸಣ್ಣಾಂವ ಇದ್ದಾಗ ಎಣ್ಣಿ ಡಬ್ಬಿ ಹಿಡ್ಕೊಂಡು ಕಿರಾಣಿ ಅಂಗಡಿಗಿ ಹೋಗ್ತಿದ್ದಿಲ್ಲೇನು?" ಅಂದಳು.

ಖರೇ. ಕಲಬುರಗಿಯ ನಮ್ಮ ಓಣಿಯಲ್ಲಿ ಕುಸುಬಿ ಎಣ್ಣೆಗೆ ಸ್ಟೀಲ್ ಡಬ್ಬಿ, ತೊಗರಿ ಬೇಳೆಗೆ ಬಟ್ಟೆ ಚೀಲ. ಸಕ್ಕರೆಯನ್ನು ರದ್ದಿ ಹಾಳೆಯಲ್ಲಿ ಕಟ್ಟಿ ದಾರ ಸುತ್ತಿ ಕೊಡುತ್ತಿದ್ದರು. ಆ ದಾರವನ್ನೂ ಅವ್ವ ಎಸೆಯುತ್ತಿರಲಿಲ್ಲ. ಬಿಚ್ಚಿ, ಗಂಟು ಹಾಕಿ, ಕಿಟಕಿ ಮೇಲಿನ ಉಂಡೆಗೆ ಸುತ್ತಿಡುತ್ತಿದ್ದಳು. ನಾನು ಹತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ಆ ಉಂಡೆ ತೆಂಗಿನಕಾಯಿಯಷ್ಟಾಗಿತ್ತು.

ಇದನ್ನು ಓದಿ "ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು" ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ ದಯವಿಟ್ಟು. ಒಂದ್ಸಲ ನಾನೂ ಹಾಗೆ ಅಂದು ಬೈಸಿಕೊಂಡಿದ್ದೇನೆ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅವ್ವ ಹೊಲಿದ ಕೌದಿ ಹೊದ್ದುಕೊಂಡು, ಇಲ್ಲಿ ಇಂಥದ್ದಕ್ಕೆ ಎಷ್ಟು ಬೆಲೆ ಗೊತ್ತಾ, ನೀನು ಆಗಲೇ ಪರಿಸರ ಉಳಿಸುತ್ತಿದ್ದೆ ಅಂದೆ. "ಏನ್ ಉಳಸೋದು? ಹೊಸಾ ಚಾದರ ತರಲಿಕ್ಕಿ ರೊಕ್ಕ ಇರಲಿಲ್ಲ, ಹೊಲದೆ" ಅಂದು ಸುಮ್ಮನಾದಳು. ಕೈಯಲ್ಲಿ ರೊಕ್ಕ ಇದ್ದೂ ಬೇಡ ಅನ್ನೋದು ಬೇರೆ, ರೊಕ್ಕವೇ ಇಲ್ಲದೆ ಬಿಡೋದು ಬೇರೆ. ಮೊದಲನೆಯದನ್ನು ನಾನು ಗುಣ ಅಂದುಕೊಂಡಿದ್ದೆ, ಎರಡನೆಯದನ್ನೂ ಅದಕ್ಕೇ ಸೇರಿಸಿಬಿಟ್ಟಿದ್ದೆ.

ಆನ್‌ಲೈನ್ ಖರೀದಿಯ ಕಥೆ ಇನ್ನೂ ಮಜಾ ಇದೆ. ಇಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ವಸ್ತುವನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡೋ ಹಕ್ಕಿದೆ. ಹಾಗಾಗಿ ಒಂದೇ ಬೂಟಿಗೆ ಮೂರು ಸೈಜ್ ತರಿಸಿ, ಎರಡು ವಾಪಸ್ ಕಳಿಸೋದು ಎಲ್ಲರ ರೂಢಿ, ನನ್ನದೂ. ಶರಣರು ಬಾಳಿದ ಬಸವಕಲ್ಯಾಣ ನಮ್ಮೂರಿನಿಂದ ಎರಡು ತಾಸಿನ ದಾರಿ. ಗಂಡ ಮಾರಯ್ಯ ಒಂದು ದಿನ ಅಕ್ಕಿ ಜಾಸ್ತಿ ಆಯ್ದು ತಂದ ಅಂತ, ವಾಪಸ್ ಹಾಕಿ ಬಾ ಅಂತ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳುತ್ತಲೇ ಬೆಳೆದವನು ನಾನು. ನಾನೂ ವಾಪಸ್ ಮಾಡುತ್ತೇನೆ, ಕೊರಿಯರ್‌ನಲ್ಲಿ.

ಅಂಗಿಯ ಲೇಬಲ್ ನೋಡಿ ಕೊಳ್ಳೋ ಚಟವೂ ಆಗ ಹತ್ತಿತು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ತರಲ್ಲ, ಅವರು ಹೊಲಿಯುತ್ತಿದ್ದದ್ದು ಇಲ್ಲಿನ ಅಂಗಡಿಗಳಿಗೆ ಬರೋ ಬಟ್ಟೆಯನ್ನೇ. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು, ಆದ್ರೂ ಕೆಲಸಕ್ಕೆ ಕರೆಸಿದ್ದರು. ಇದನ್ನು ಓದಿದ ಮೇಲೆ ಬಾಂಗ್ಲಾದೇಶದ ಅಂಗಿ ಬೇಡ ಅಂತ ಬಿಟ್ಟೆ. ಆದರೆ ನಾನು ಅಂಗಿ ಬಿಟ್ಟರೆ ಅಲ್ಲಿನ ಹೆಣ್ಣುಮಗಳಿಗೆ ಗಟ್ಟಿ ಗೋಡೆ ಸಿಗಲ್ಲ, ಕೆಲಸ ಹೋಗಬಹುದು ಅಷ್ಟೇ. ದೊಡ್ಡ ಕಂಪನಿಗಳು ತಮಗೆ ಮಾಲು ಕೊಡುವವರ ಕಾರ್ಖಾನೆಗಳ ಮೇಲೂ ಕಣ್ಣಿಡಬೇಕು ಅಂತ ಜರ್ಮನಿ ಕಾನೂನು ಜಾರಿಗೆ ತಂದದ್ದು 2023ರಲ್ಲಿ, ಅಂದರೆ ಹತ್ತು ವರ್ಷ ಬೇಕಾಯಿತು.

ಇನ್ನೊಂದು ಹೇಳುತ್ತೇನೆ. ನಮ್ಮ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿಯೂ ಕಸಕ್ಕೆ ಹೋಗಲ್ಲ. ನಾನು ಒಳ್ಳೆಯವನು ಅಂತಲ್ಲ, ನೀರು, ಸೋಡಾದ ಒಂದ್ಸಲ ಬಳಸೋ ಬಾಟಲಿಗೆ 25 ಸೆಂಟ್ ಡಿಪಾಜಿಟ್ ಇದೆ. 2003ರಿಂದ ಇಲ್ಲಿ ಇದು ಕಡ್ಡಾಯ. ಸೂಪರ್ ಮಾರ್ಕೆಟ್‌ನ ಮೆಷಿನ್ ಬಾಯಿಗೆ ಹಾಕಿದರೆ ಚೀಟಿ ಕೊಡುತ್ತದೆ, ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಅವಸರದಲ್ಲಿ ಎಸೆಯುವವರೂ ಇದ್ದಾರೆ. ಸ್ಟೇಶನ್‌ನಲ್ಲಿ ಒಬ್ಬ ಅಜ್ಜಿಯನ್ನು ದಿನಾ ನೋಡುತ್ತೇನೆ. ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಸಣ್ಣ ಟಾರ್ಚು. ಕಸದ ಡಬ್ಬಿಯೊಳಗೆ ಬೆಳಕು ಬಿಟ್ಟು ಬಾಟಲಿ ಇದೆಯಾ ಅಂತ ಬಗ್ಗಿ ನೋಡುತ್ತಾರೆ. ಅವರು ಕೈ ಒಳಗೆ ಹಾಕದಿರಲಿ ಅಂತ ಈಗ ನಾವು ಕೆಲವರು ಬಾಟಲಿಯನ್ನು ಡಬ್ಬಿಯ ಪಕ್ಕದಲ್ಲೇ ನಿಲ್ಲಿಸಿ ಹೋಗುತ್ತೇವೆ. ಇಷ್ಟು ಶ್ರೀಮಂತ ದೇಶದಲ್ಲಿ ಬಾಟಲಿ ಆರಿಸುವ ಅಜ್ಜಿ ಯಾಕೆ ಅಂತ ಊರಿನವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಹೋದ ಮೇ ತಿಂಗಳು ಊರಿಗೆ ಬಂದಿದ್ದೆ. ನಿಮಗೆ ಹೇಳಬೇಕಾ ಕಲಬುರಗಿಯ ಬಿಸಿಲು! 43 ಡಿಗ್ರಿ. ಹಳೇ ಮಣ್ಣಿನ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ದಾರೆ, ರಾತ್ರಿ ಹನ್ನೊಂದಾದರೂ ಸ್ಲ್ಯಾಬ್ ಕಾದ ಹಂಚಿನ ಹಾಗೆ. ತಮ್ಮ ಎ.ಸಿ. ತರುತ್ತೇನೆ ಅಂದ. ನಾನು ಶುರು ಮಾಡಿದೆ, ಕರೆಂಟು, ಕಲ್ಲಿದ್ದಲು, ಭೂಮಿ ಬಿಸಿ ಆಗೋದು. ಅವನು ರೊಟ್ಟಿ ಮುರಿಯುತ್ತಾ ಪೂರ್ತಿ ಕೇಳಿಸಿಕೊಂಡ.

"ಅಣ್ಣಾ, ಅಲ್ಲಿ ಆರು ತಿಂಗಳು ಹೀಟರ್ ಹಚ್ಕೊಂಡು ಕೂಡಾಂವ ನೀನು. ಏಳು ಸಾವಿರ ಕಿಲೋಮೀಟರ್ ವಿಮಾನದಾಗ ಬಂದು ನನಗ ಎ.ಸಿ. ಬ್ಯಾಡ ಅಂತೀಯಲ್ಲ?"

ಶೇಂಗಾ ಹಿಂಡಿ ಗಂಟಲಲ್ಲೇ ನಿಂತಿತು. ಜರ್ಮನಿಯ ಮನೆಗಳಲ್ಲಿ ಖರ್ಚಾಗುವ ಇಂಧನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬರೀ ಮನೆ ಬೆಚ್ಚಗಿಡೋಕೇ ಹೋಗುತ್ತದೆ. ನನ್ನ ಬಟ್ಟೆ ಚೀಲ, ಗಾಜಿನ ಡಬ್ಬಿ, ಬಿದಿರಿನ ಬ್ರಶ್ ಎಲ್ಲಾ ಸೇರಿ ವರ್ಷವಿಡೀ ಉಳಿಸಿದ್ದನ್ನು ಆ ಒಂದು ವಿಮಾನ ನುಂಗಿ ನೀರು ಕುಡಿದಿರುತ್ತದೆ. ಯಾರಿಂದ ಎಷ್ಟು ಇಂಗಾಲದ ಹೊಗೆ ಅಂತ ಎಣಿಸೋ ಒಬ್ಬೊಬ್ಬರ ಕಾರ್ಬನ್ ಲೆಕ್ಕ ಅನ್ನೋ ಮಾತನ್ನು 2000ದ ದಶಕದಲ್ಲಿ ಜಾಹೀರಾತು ಕೊಟ್ಟು ಮನೆಮನೆಗೆ ಮುಟ್ಟಿಸಿದ್ದು ಬಿಪಿ ಅನ್ನೋ ತೈಲ ಕಂಪನಿ ಅಂತ ಗೊತ್ತಾದಾಗ ಸಿಟ್ಟು ಬಂದಿತ್ತು. ಎಣ್ಣೆ ತೆಗೆದು ಮಾರುವವನು ನಮ್ಮ ಕೈಗೆ ಲೆಕ್ಕದ ಪುಸ್ತಕ ಕೊಟ್ಟು ಕೂರಿಸಿದ. ನಾನು ಅದೇ ಪುಸ್ತಕ ಹಿಡಿದು ತಮ್ಮನ ಮುಂದೆ ಕೂತಿದ್ದೆ.

ಮರುದಿನ ಇಬ್ಬರೂ ಅಂಗಡಿಗೆ ಹೋದೆವು. ಸ್ಟಾರ್ ಜಾಸ್ತಿ ಇರೋದು ನೋಡಿ ತಗೋ, ಬಿಲ್ ಕಡಿಮೆ ಬರುತ್ತೆ ಅಂದೆ. ತಗೊಂಡ. ಆ ರಾತ್ರಿ ನಾನೇ ಎಲ್ಲರಿಗಿಂತ ಮೊದಲು ನಿದ್ದೆ ಹೋದೆ, ಕೌದಿ ಹೊದ್ದುಕೊಂಡು.

ಈಚೆಗೆ ಆ ಪ್ಯಾಕೆಟ್ ಇಲ್ಲದ ಅಂಗಡಿ ಮುಚ್ಚಿತು, ಗಿರಾಕಿ ಸಾಲಲಿಲ್ಲವಂತೆ. ಡಬ್ಬಿಗಳು ಖಾಲಿ ಕೂತಿವೆ ಅಂತ ಫೋನಿನಲ್ಲಿ ಅವ್ವನಿಗೆ ಹೇಳಿದೆ.

"ಹಂಗಿದ್ರ ಬರಾಗ ತಗೊಂಡ್ ಬಾ. ಮಾವಿನಕಾಯಿ ಉಪ್ಪಿನಕಾಯಿಗೆ ಚಲೋ ಆಗ್ತಾವ."

"ಗಾಜು ಭಾಳ ವಜ್ಜಿ ಅವ್ವಾ, ಬ್ಯಾಗು 23 ಕೆ.ಜಿ. ಮ್ಯಾಲ ಬಿಡಂಗಿಲ್ಲ."

"ಚಾಕಲೇಟ್ ಕಮ್ಮಿ ತಾ."